ಒಂಬತ್ತಲ್ಲ, ಅರವತ್ತೇಳು

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಸಮುದ್ರದಲ್ಲಿ ಮುಳುಗುವವರು ಕೈಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರಿನ ಮೆಮೊರಿಯಲ್ಲಿ ಅರವತ್ತೇಳು ಡೈವ್‌ಗಳು ದಾಖಲಾಗಿದ್ದವು. ಮಾರುವವನು ಹೇಳಿದ್ದು ಒಂಬತ್ತು.

ಸೇವಂತಿ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಅರವತ್ತೇಳೇ. ಸುಳ್ಯದಲ್ಲಿ ಇಪ್ಪತ್ತಾರು ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿರುವವಳು ಅವಳು. ಮಾತ್ರೆಯ ಸ್ಟ್ರಿಪ್ ಕೈಗೆ ಬಂದರೆ ಮೊದಲು ಹಿಂಬದಿ ತಿರುಗಿಸಿ ತಾರೀಕು ನೋಡುವುದು ಅವಳ ಅಭ್ಯಾಸ. ಕಂಪನಿಯವನು ಬಾಯಲ್ಲಿ ಹೇಳಿದ ತಾರೀಕನ್ನು ಅವಳು ಒಮ್ಮೆಯೂ ನಂಬಿದವಳಲ್ಲ. ಈ ಯಂತ್ರವನ್ನೂ ಹಾಗೆಯೇ ತಿರುಗಿಸಿ ನೋಡಿದ್ದಳು.

ಯಂತ್ರ ಬಂದದ್ದು ಆ ದಿನ ಬೆಳಿಗ್ಗೆ, ಕಡಬದಿಂದ ಪಂಜ ಮಾರ್ಗವಾಗಿ ಬರುವ ಬಸ್ಸಿನಲ್ಲಿ, ಕಂಡಕ್ಟರನ ಕೈಯಲ್ಲಿ. ಕಳುಹಿಸಿದವನು ಕಡಬದಲ್ಲಿ ರಬ್ಬರ್ ಶೀಟಿನ ವ್ಯಾಪಾರ ಮಾಡುವ ದಿಶಾಂತ್. ಎರಡು ದಿನ ಇಟ್ಟುಕೊಂಡು ನೋಡಿ, ಬೇಕಾದರೆ ಆಮೇಲೆ ಹಣ ಕೊಡಿ ಎಂದಿದ್ದ. ಮುಂಗಡವನ್ನೂ ಕೇಳಿರಲಿಲ್ಲ. ಸೇವಂತಿಗೆ ಮೊದಲ ಅನುಮಾನ ಹುಟ್ಟಿದ್ದೇ ಅಲ್ಲಿ. ಹೊಸದರ ಅರ್ಧ ಬೆಲೆಗೆ ಮಾರುವವನು, ಮುಖ ನೋಡದವರಿಗೆ, ಹಣ ಕೇಳದೆ ಯಾಕೆ ಕಳುಹಿಸಬೇಕು?

ಫೋನಿನಲ್ಲಿ ಅವಳು ಕೇಳಿದ ಪ್ರಶ್ನೆ ಅವಳಿಗೆ ಸರಿಯಾಗಿ ನೆನಪಿತ್ತು. “ಇದನ್ನು ಕಟ್ಟಿಕೊಂಡು ಎಷ್ಟು ಸಲ ಮುಳುಗಿದ್ದುಂಟು?” ಅವನು ತಡಮಾಡದೆ ಹೇಳಿದ್ದ, “ಒಂಬತ್ತು ಸಲ ಅಕ್ಕ. ಎಲ್ಲ ನೇತ್ರಾಣಿ ದ್ವೀಪದ ಹತ್ತಿರವೇ.”

ಐವತ್ತೊಂದನೆಯ ವಯಸ್ಸಿನಲ್ಲಿ ಸೇವಂತಿ ಸಮುದ್ರಕ್ಕೆ ಇಳಿಯುತ್ತಿದ್ದಾಳೆ ಎಂಬುದು ಸುಳ್ಯದಲ್ಲಿ ಹೆಚ್ಚು ಜನರಿಗೆ ತಿಳಿದಿರಲಿಲ್ಲ. ಎರಡು ವರ್ಷದ ಹಿಂದೆ ಔಷಧ ವ್ಯಾಪಾರಿಗಳ ಪ್ರವಾಸದಲ್ಲಿ ಮುರುಡೇಶ್ವರಕ್ಕೆ ಹೋದವಳು, ಉಳಿದವರು ದೇವಸ್ಥಾನದ ಸರದಿಯಲ್ಲಿ ನಿಂತಿದ್ದಾಗ ಡೈವಿಂಗ್ ಕೇಂದ್ರವೊಂದರ ಬೋರ್ಡು ಓದಿ ಒಳಗೆ ಹೋಗಿದ್ದಳು. ಆ ವರ್ಷವೇ ಕೋರ್ಸು ಮುಗಿಸಿದಳು. ಇದುವರೆಗೆ ಹದಿನಾಲ್ಕು ಡೈವ್ ಆಗಿತ್ತು.

ಹದಿನಾಲ್ಕನೆಯದು ಮಾರ್ಚಿನಲ್ಲಿ. ಕೈಯಲ್ಲಿದ್ದದ್ದು ಕೇಂದ್ರದ ಬಾಡಿಗೆಯ ಡೈವ್ ಕಂಪ್ಯೂಟರ್. ಕೈಗಡಿಯಾರಕ್ಕಿಂತ ಸ್ವಲ್ಪ ದೊಡ್ಡದಾದ ಈ ಯಂತ್ರ ಎಷ್ಟು ಆಳದಲ್ಲಿದ್ದೀರಿ, ಇಳಿದು ಎಷ್ಟು ಹೊತ್ತಾಯಿತು, ಅದೇ ಆಳದಲ್ಲಿ ಇನ್ನೆಷ್ಟು ನಿಮಿಷ ಇರಬಹುದು ಎಂದು ತೋರಿಸುತ್ತದೆ. ಕೊನೆಯ ಆ ಸಂಖ್ಯೆ ಮುಖ್ಯ. ಅದನ್ನು ಮೀರಿದರೆ ನೇರವಾಗಿ ಮೇಲೆ ಬರುವಂತಿಲ್ಲ. ನಡುವೆ ತಡೆದು ತಡೆದು ಬರಬೇಕು, ಇಲ್ಲವಾದರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಹದಿನೆಂಟು ಮೀಟರ್ ಆಳದಲ್ಲಿ ತರಬೇತುದಾರಳಾದ ಫರ್ಝಾನಾ ಇನ್ನೆಷ್ಟು ಎಂದು ಸನ್ನೆ ಮಾಡಿದಾಗ ಸೇವಂತಿ ಬೆರಳಲ್ಲಿ ಎಂಟು ತೋರಿಸಿದ್ದಳು. ಫರ್ಝಾನಾ ಹತ್ತಿರ ಬಂದು ಅವಳ ಕೈ ತಿರುಗಿಸಿ ನೋಡಿದಳು. ಉಳಿದಿದ್ದದ್ದು ಮೂರು. ಕೂಡಲೇ ಮೇಲಕ್ಕೆ ಕರೆದುಕೊಂಡು ಬಂದಳು.

ದೋಣಿಯಲ್ಲಿ ಸೇವಂತಿ, ಬಾಡಿಗೆ ಯಂತ್ರದ ಪರದೆ ಸವೆದುಹೋಗಿದೆ ಎಂದಳು. ಫರ್ಝಾನಾ ವಾದ ಮಾಡಲಿಲ್ಲ. ನಿಮಗೆ ಓದಲಿಕ್ಕೆ ಆಗುವಂಥದ್ದೊಂದು ನಿಮ್ಮದೇ ತನ್ನಿ ಎಂದಳು. ಮುಂದಿನ ಡೈವಿನಲ್ಲಿ ಮೂರು ಸಲ ಕೇಳುತ್ತೇನೆ, ಒಂದು ಉತ್ತರ ತಪ್ಪಿದರೂ ನನ್ನ ದೋಣಿಗೆ ಮತ್ತೆ ಹತ್ತಿಸುವುದಿಲ್ಲ ಎಂದೂ ಹೇಳಿದಳು. ಮಳೆಗಾಲ ಕಳೆಯಿತು. ಆ ಡೈವ್ ಈಗ ಬರುವ ಭಾನುವಾರವಿತ್ತು.

ಹೀಗಾಗಿ ಸೇವಂತಿಯ ಆಯ್ಕೆಗೆ ಒಂದೇ ನಿಯಮ: ಕನ್ನಡಕವಿಲ್ಲದೆ ಓದಲಿಕ್ಕೆ ಆಗಬೇಕು. ನೀರಿಗಿಳಿಯುವಾಗ ಕಣ್ಣು ಮೂಗು ಮುಚ್ಚುವ ಮಾಸ್ಕಿನ ಒಳಗೆ ಕನ್ನಡಕ ಕೂರುವುದಿಲ್ಲ. ಕೇಂದ್ರದಲ್ಲಿ ಅವಳು ಎರಡು ಹೊಸ ಯಂತ್ರಗಳನ್ನು ನೋಡಿದ್ದಳು. ಒಂದು ಬಣ್ಣದ ಪರದೆಯದ್ದು, ಬೆಳಕು ಚೆನ್ನಾಗಿತ್ತು, ಆದರೆ ಒಂದೇ ನೋಟದಲ್ಲಿ ಹನ್ನೊಂದು ಸಂಖ್ಯೆಗಳು. ಸಂತೆಯಲ್ಲಿ ಒಬ್ಬರನ್ನು ಹುಡುಕಿದ ಹಾಗೆ ಹುಡುಕಬೇಕಿತ್ತು. ಇನ್ನೊಂದು ವಾಚಿನಷ್ಟೇ ಚಿಕ್ಕದು, ಮದುವೆಗೂ ಕಟ್ಟಿಕೊಂಡು ಹೋಗಬಹುದು ಎಂದು ಮಾರುವವರು ಹೊಗಳಿದ್ದರು. ನೀರಿನಲ್ಲಿ ಎಲ್ಲ ದೊಡ್ಡದಾಗಿ ಕಾಣುತ್ತದೆ, ಹೆದರಬೇಡಿ ಎಂದೂ ಹೇಳಿದ್ದರು. ಸೇವಂತಿ ಆ ಮಾತನ್ನು ಮನೆಗೆ ಬಂದು ಪರಿಶೀಲಿಸಿದಳು. ದೊಡ್ಡದಾಗಿ ಕಾಣುವುದು ನಿಜ. ಹತ್ತಿರವಾಗಿ ಕಾಣುವುದೂ ನಿಜ. ಚಾಳೀಸು ಬಂದ ಕಣ್ಣಿಗೆ ಹತ್ತಿರದ್ದೇ ತೊಂದರೆ. ಈ ಎರಡನೆಯ ಮಾತನ್ನು ಅವರು ಹೇಳಿರಲಿಲ್ಲ.

ದಿಶಾಂತನ ಯಂತ್ರ ಹಳೆಯ ಮಾದರಿ. ಬೂದು ಪರದೆ, ಕಪ್ಪು ಅಂಕಿ, ಎರಡೇ ಗುಂಡಿ. ಉಳಿದ ನಿಮಿಷಗಳು ನಡುವೆ, ಎಲ್ಲಕ್ಕಿಂತ ದಪ್ಪಗೆ. ಫೋಟೋದಲ್ಲಿ ನೋಡಿದಾಗಲೇ ಅವಳಿಗೆ ಹಿಡಿಸಿತ್ತು.

ಈಗ ಅವಳು ಬಿಲ್ ಪುಸ್ತಕದಿಂದ ಹರಿದ ಹಾಳೆಯ ಹಿಂಬದಿಯಲ್ಲಿ ಅರವತ್ತೇಳನ್ನೂ ಬರೆದುಕೊಂಡಳು. ಒಂಬತ್ತು ಡೈವ್‌ಗಳು ಅಕ್ಟೋಬರಿನಿಂದ ಮಾರ್ಚಿನ ತನಕ, ಒಂದೊಂದೂ ನಲವತ್ತು ನಿಮಿಷದ ಆಸುಪಾಸು. ಅವು ಅವನ ಮಾತಿಗೆ ಸರಿಯಾಗಿದ್ದವು. ಉಳಿದ ಐವತ್ತೆಂಟು ಏಪ್ರಿಲಿನಿಂದ ಈಚಿನವು. ಎಲ್ಲವೂ ಒಂದು ನಿಮಿಷ, ಹೆಚ್ಚೆಂದರೆ ಎರಡು. ಆಳ ಐದು ಮೀಟರ್, ಆರು, ಎಂಟು. ಕೆಲವು ದಿನ ಒಂದೇ ಮಧ್ಯಾಹ್ನ ನಾಲ್ಕು ಸಲ. ಜುಲೈ ತಿಂಗಳಲ್ಲಿ ಹದಿಮೂರು.

ಜುಲೈಯಲ್ಲಿ, ಮಳೆಗಾಲದ ಸಮುದ್ರದಲ್ಲಿ, ಯಾವ ದೋಣಿಯೂ ನೇತ್ರಾಣಿಗೆ ಹೋಗುವುದಿಲ್ಲ. ಯಂತ್ರದ ಗಡಿಯಾರ ತಪ್ಪಿರಬಹುದೇ ಎಂದು ನೋಡಿದಳು. ತಾರೀಕೂ ಸರಿ, ಗಂಟೆಯೂ ಸರಿ, ನಿಮಿಷವೂ ಸರಿ.

ಮಧ್ಯಾಹ್ನ ಊಟಕ್ಕೆ ಅಜ್ಜಾವರದ ಮನೆಗೆ ಹೋದಾಗ ಗಂಡ ಪದ್ಮಯ್ಯನಿಗೆ ಪಟ್ಟಿ ತೋರಿಸಿದಳು. ಪದ್ಮಯ್ಯ ಅನ್ನ ಕಲಸುತ್ತಲೇ ಓದಿ, ಇದು ಕದ್ದ ಮಾಲು ಎಂದು ತೀರ್ಮಾನ ಕೊಟ್ಟ. ಒಂದು ನಿಮಿಷ ಮುಳುಗಿ ಏಳುವವರು ಯಾರು, ನದಿಯ ತಳದಲ್ಲಿ ಏನನ್ನೋ ಅಡಗಿಸಿಟ್ಟವರು ಎಂದ. ಬಳಿಕ ಅವಳ ಕನ್ನಡಕದ ಕಡೆಗೆ ತಿರುಗಿದ. “ಡಾಕ್ಟ್ರ ಕೋಳಿಕಾಲು ಅಕ್ಷರ ಓದುದು ನೀನು. ಇಷ್ಟು ದಪ್ಪ ನಂಬ್ರ ಓದ್ಲಿಕ್ಕೆ ಇಷ್ಟು ರಂಪ ಎಂತಕೆ ಮಾರಾಯ್ತಿ?”

ಅವಳು ಹಾಳೆ ಮಡಚಿ ತೆಗೆದಿಟ್ಟಳು. ನದಿಯ ತಳದ ಮಾತು ತಮಾಷೆಯಾದರೂ ತಲೆಯಲ್ಲಿ ಉಳಿಯಿತು. ವಾಪಸ್ ಕಳುಹಿಸಿದರೆ ಭಾನುವಾರದೊಳಗೆ ಇನ್ನೊಂದು ಸಿಗುವುದಿಲ್ಲ. ಇಟ್ಟುಕೊಂಡರೆ, ಎಲ್ಲಿಯೋ ಏನೋ ಮಾಡಿದ ಯಂತ್ರದ ಮಾತು ನಂಬಿ ಹದಿನೆಂಟು ಮೀಟರ್ ಕೆಳಗೆ ಇಳಿಯಬೇಕು.

ಬುಧವಾರ ಅಂಗಡಿಯನ್ನು ಕೆಲಸದ ಹುಡುಗಿ ಭವಿತಾಳಿಗೆ ಬಿಟ್ಟು, ಡಿಕ್ಕಿಯಲ್ಲಿ ಮಾಸ್ಕು, ಟವೆಲ್, ಅಳತೆಯ ಟೇಪು ಹಾಕಿಕೊಂಡು ಸೇವಂತಿ ಕಾರಿನಲ್ಲಿ ಕಡಬಕ್ಕೆ ಹೋದಳು. ಬರುವುದನ್ನು ದಿಶಾಂತನಿಗೆ ತಿಳಿಸಿರಲಿಲ್ಲ.

ಅವನು ಶೀಟಿನ ಕಟ್ಟುಗಳ ನಡುವೆ ಕುಳಿತಿದ್ದ. ಮೂವತ್ತು ದಾಟಿರಲಿಕ್ಕಿಲ್ಲ. ಅವಳು ಮೊದಲು ಮಾರುವ ಕಾರಣ ಕೇಳಿದಳು. ಮಾರ್ಚಿನಲ್ಲಿ ಕಿವಿಯ ತಮಟೆ ಹರಿಯಿತು, ಪುತ್ತೂರಿನ ಡಾಕ್ಟರು ಇನ್ನು ಡೈವಿಂಗ್ ಬೇಡ ಎಂದರು ಎಂದ. ಯಾವ ಡ್ರಾಪ್ಸ್ ಕೊಟ್ಟರು ಎಂದು ಕೇಳಿದಳು. ಡ್ರಾಪ್ಸ್ ಕೊಡಲಿಲ್ಲ, ಮಾತ್ರೆ ಕೊಟ್ಟರು, ಕಿವಿಗೆ ಹನಿ ನೀರೂ ಹೋಗಬಾರದು ಎಂದರು ಎಂದ. ಸುಳ್ಳು ಹೇಳುವವನಾಗಿದ್ದರೆ ಯಾವುದಾದರೂ ಒಂದು ಡ್ರಾಪ್ಸಿನ ಹೆಸರು ಹೇಳುತ್ತಿದ್ದ. ಆ ಒಂದು ಉತ್ತರವನ್ನು ಸೇವಂತಿ ಒಪ್ಪಿಕೊಂಡಳು.

ಆಮೇಲೆ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟಳು. “ಒಂಬತ್ತು ಅಂದಿರಿ. ಇಲ್ಲಿ ಅರವತ್ತೇಳು ಉಂಟು. ಜುಲೈಯಲ್ಲಿ ಯಾರು ಮುಳುಗಿದ್ದು?”

ದಿಶಾಂತ್ ಪಟ್ಟಿಯನ್ನು ನೋಡಿದ. ಅವನ ಮುಖದಲ್ಲಿ ಕಂಡದ್ದು ಗಾಬರಿಯಲ್ಲ, ಕಸಿವಿಸಿ. ಅದು ಮುಳುಗಿದ್ದಲ್ಲ ಅಕ್ಕ, ಕುಕ್ಕಪ್ಪಣ್ಣ ಬಾವಿಗೆ ಇಳಿದದ್ದು ಎಂದ. ಕುಕ್ಕಪ್ಪ ಯಾರು ಎಂದು ಕೇಳಿದಳು. ಬಾವಿಗೆ ಬಿದ್ದ ಪಂಪು, ಬಿಂದಿಗೆ, ಹಗ್ಗ ಎತ್ತಿಕೊಡುವವರು, ಈ ಸುತ್ತಿನಲ್ಲಿ ಎಲ್ಲರೂ ಅವರನ್ನೇ ಕರೆಯುವುದು ಎಂದ. ಕಿವಿ ಹೋದ ಮೇಲೆ ಯಂತ್ರ ಸುಮ್ಮನೆ ಬಿದ್ದಿತ್ತು. ಆಳ ನೋಡಲಿಕ್ಕೆ ಆದೀತು ಎಂದು ಅವರಿಗೆ ಕೊಟ್ಟಿದ್ದನಂತೆ. ಹೋದ ತಿಂಗಳು ಅವರೇ ತಂದು ಹಿಂದೆ ಕೊಟ್ಟರಂತೆ.

“ಇದನ್ನು ಫೋನಿನಲ್ಲಿ ಯಾಕೆ ಹೇಳಲಿಲ್ಲ?”

“ನೀವು ಎಷ್ಟು ಸಲ ಮುಳುಗಿದ್ದು ಅಂತ ಕೇಳಿದ್ರಲ್ಲ ಅಕ್ಕ.”

ಸೇವಂತಿಗೆ ಇದು ತಯಾರಿಸಿಟ್ಟ ಉತ್ತರದ ಹಾಗೆ ಕೇಳಿಸಿತು. ಕುಕ್ಕಪ್ಪ ಈಗ ಎಲ್ಲಿ ಸಿಗುತ್ತಾರೆ ಎಂದು ಕೇಳಿದಳು. ಅವನು ಫೋನ್ ತೆಗೆದ. ನೀವು ಮಾಡಬೇಡಿ, ನಂಬರ್ ಕೊಡಿ, ನಾನೇ ಮಾಡುತ್ತೇನೆ ಎಂದಳು. ದಿಶಾಂತ್ ನಂಬರ್ ಬರೆದುಕೊಟ್ಟ. ಅವಳು ಮಾತನಾಡಿದ ಮೇಲೆ ತಿಳಿಯಿತು, ಕುಕ್ಕಪ್ಪ ಎರಡು ಕಿಲೋಮೀಟರ್ ಆಚೆ ಕೋಡಿಂಬಾಳದ ದಾರಿಯಲ್ಲಿ, ದಿಶಾಂತನ ಮಾವ ತ್ಯಾಂಪಣ್ಣರ ತೋಟದ ಬಾವಿಯಲ್ಲೇ ಇದ್ದರು. ಮಾವನ ಜಾಗ ಎಂದು ಗೊತ್ತಾದಾಗ ಅವಳ ಅನುಮಾನ ಇನ್ನೂ ಒಂದು ಸುತ್ತು ಬಿಗಿಯಾಯಿತು. ದಿಶಾಂತನನ್ನೂ ಕಾರಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೊರಟಳು. ಬೆಲೆ ಇಳಿಸಲಿಕ್ಕೆ ಇಷ್ಟೆಲ್ಲ ಮಾಡುತ್ತಿದ್ದಾಳೆ ಎಂದು ಅವನಿಗೆ ಅನಿಸಿತ್ತು. ಅದನ್ನು ಅವನು ಆಮೇಲೆ ಹೇಳಿದ.

ಕುಕ್ಕಪ್ಪ ಅರವತ್ತರ ಹತ್ತಿರದ ತೆಳ್ಳಗಿನ ಮನುಷ್ಯ. ಬಾವಿಯಿಂದ ಆಗಷ್ಟೇ ಮೇಲೆ ಬಂದು, ಎತ್ತಿದ ಪಂಪಿನ ಪಕ್ಕ ಕುಳಿತು ಚಾ ಕುಡಿಯುತ್ತಿದ್ದರು. ಸೇವಂತಿ ದಿಶಾಂತನನ್ನು ಗೇಟಿನ ಹತ್ತಿರವೇ ನಿಲ್ಲಿಸಿ ಒಬ್ಬಳೇ ಹೋಗಿ ಕೇಳಿದಳು, ಈ ಯಂತ್ರ ಕಟ್ಟಿಕೊಂಡು ನೀವು ಎಷ್ಟು ಸಲ ಮುಳುಗಿದ್ದೀರಿ ಎಂದು.

ಕುಕ್ಕಪ್ಪ ಲೋಟ ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದದ್ದು ಕಾಣುತ್ತಿತ್ತು.

“ಹಾಗೆ ಹೇಳ್ಬೇಡಿ ಅಕ್ಕ. ನಾವು ಬಾವಿಗೆ ಇಳಿಯುದು. ಕುಕ್ಕಪ್ಪ ಮುಳುಗಿದ ಅಂದ್ರೆ, ನನ್ನ ಹೆಣ ತೆಗಿಲಿಕ್ಕೆ ಬೇರೆ ಜನ ಕರೀಬೇಕಾದೀತು.”

ಈ ಕೆಲಸದಲ್ಲಿ ಆ ಶಬ್ದವನ್ನು ಬಾಯಿಗೆ ತರುವುದಿಲ್ಲ ಎಂದು ಅವರು ವಿವರಿಸಿದರು. ಬಿಂದಿಗೆ ಮುಳುಗುತ್ತದೆ, ಪಂಪು ಮುಳುಗುತ್ತದೆ. ಮನುಷ್ಯ ಇಳಿಯುತ್ತಾನೆ, ಹತ್ತುತ್ತಾನೆ. ಸಮುದ್ರದವರು ಏನು ಬೇಕಾದರೂ ಹೇಳಿಕೊಳ್ಳಲಿ. ಎಷ್ಟು ಸಲ ಇಳಿದಿರಿ ಎಂದು ಕೇಳಿದಾಗ ಲೆಕ್ಕ ಇಟ್ಟಿಲ್ಲ, ಐವತ್ತು ಅರವತ್ತು ಆಗಿರಬಹುದು ಎಂದರು. ಜುಲೈಯಲ್ಲಿ ನೀರು ಮೇಲೆ ಬಂದು, ಕೆಳಗೆ ಕೂರಿಸಿದ ಪಂಪುಗಳು ಒಳಗಾದವು, ಹಾಗಾಗಿ ಆ ತಿಂಗಳು ಕೆಲಸ ಹೆಚ್ಚು ಎಂದೂ ಹೇಳಿದರು. ಹಿಂದೆ ಕೊಟ್ಟದ್ದು ಯಾಕೆ ಎಂದು ಕೇಳಿದಳು. ಮೀಟರ್ ತನಗೆ ತಿಳಿಯುವುದಿಲ್ಲ, ತನ್ನ ಹಗ್ಗಕ್ಕೆ ಕೋಲು ಗೊತ್ತುಂಟು ಎಂದರು.

ಕೋಲು ಈ ಕಡೆ ಬಾವಿಯ ಅಳತೆ. ಕುಕ್ಕಪ್ಪನ ಹಗ್ಗದಲ್ಲಿ ಕೋಲಿಗೊಂದು ಗಂಟಿತ್ತು. ಎಲ್ಲರ ಕೋಲೂ ಒಂದೇ ಉದ್ದವಲ್ಲ ಎಂದು ಸೇವಂತಿಗೆ ಗೊತ್ತಿದ್ದುದರಿಂದ ಅವಳು ಟೇಪು ಹಿಡಿದು ಗಂಟಿನಿಂದ ಗಂಟಿಗೆ ಅಳೆದಳು. ಎಪ್ಪತ್ತೊಂದು ಸೆಂಟಿಮೀಟರ್. ಹತ್ತು ಗಂಟಿಗೆ ಏಳು ಮೀಟರ್ ಹತ್ತು. ಯಂತ್ರವನ್ನು ಹಗ್ಗದ ತುದಿಗೆ ಕಟ್ಟಿ, ಹತ್ತನೆಯ ಗಂಟು ನೀರಿಗೆ ತಾಗುವವರೆಗೆ ಬಾವಿಗೆ ಇಳಿಸಿ, ಎರಡು ನಿಮಿಷ ಬಿಟ್ಟು ಎಳೆಯಲು ಹೇಳಿದಳು. ಕನ್ನಡಕ ಹಾಕಿಕೊಂಡು, ಯಂತ್ರದಲ್ಲಿ ದಾಖಲಾದ ಆಳವನ್ನು ನೋಡಿದಳು. ಆರು ಮೀಟರ್ ತೊಂಬತ್ತು.

ಇಪ್ಪತ್ತು ಸೆಂಟಿಮೀಟರ್ ಕಡಿಮೆ. ಅವಳು ದಿಶಾಂತನನ್ನು ಕರೆದು ತೋರಿಸಿದಳು. ಇದು ಉಪ್ಪುನೀರಿನ ಸೆಟ್ಟಿಂಗಿನಲ್ಲಿದೆ ಎಂದ ಅವನು. ಯಂತ್ರಕ್ಕೆ ಗೊತ್ತಾಗುವುದು ನೀರಿನ ಒತ್ತಡ ಮಾತ್ರ, ಸಮುದ್ರದ ನೀರು ಬಾವಿಯ ನೀರಿಗಿಂತ ನೂರಕ್ಕೆ ಮೂರು ಪಾಲು ಭಾರ, ಅದಕ್ಕೇ ಬಾವಿಯಲ್ಲಿ ಆಳ ಕಡಿಮೆ ತೋರಿಸುತ್ತದೆ ಎಂದ. ಇದಕ್ಕೂ ಉತ್ತರ ಸಿದ್ಧವಾಗಿತ್ತು. ಸೇವಂತಿ ಅದನ್ನೂ ನಂಬಲಿಲ್ಲ. ಗುಂಡಿ ಒತ್ತಿ ಸಿಹಿನೀರಿಗೆ ಬದಲಿಸಿ, ಮತ್ತೆ ಹತ್ತು ಗಂಟು ಇಳಿಸಿದರು. ಏಳು ಮೀಟರ್ ಹತ್ತು.

ಅವಳು ಕಾಗದದಲ್ಲಿ ಎರಡೂ ಸಂಖ್ಯೆ ಬರೆದುಕೊಂಡಳು. ಕೇಳಲಿಕ್ಕೆ ಇನ್ನೇನೂ ಉಳಿದಿರಲಿಲ್ಲ. ದಿಶಾಂತ್ ಬಾವಿಯ ವಿಷಯ ನಿಜವಾಗಿಯೂ ಲೆಕ್ಕಕ್ಕೆ ಹಿಡಿಯಲಿಲ್ಲವೋ, ಹಿಡಿಯದಿದ್ದರೆ ಒಳ್ಳೆಯದು ಎಂದುಕೊಂಡನೋ, ಅದನ್ನು ಅಳೆಯುವ ಹಗ್ಗ ಯಾರ ಹತ್ತಿರವೂ ಇರಲಿಲ್ಲ.

“ಯಂತ್ರ ಸರಿ ಉಂಟಲ್ಲ,” ಎಂದರು ಕುಕ್ಕಪ್ಪ. “ಇನ್ನು ನಿಮ್ಮದನ್ನು ನೋಡುವ. ನೀವು ಎರಡು ಸಲವೂ ಕನ್ನಡ್ಕ ಹಾಕಿಯೇ ನೋಡಿದ್ದು.”

ಸೇವಂತಿ ಕಾರಿನಿಂದ ಮಾಸ್ಕು ತಂದಳು.

ಬಾವಿಯಿಂದ ಐವತ್ತು ಹೆಜ್ಜೆಯಲ್ಲಿ ಮೆಟ್ಟಿಲಿರುವ ಸಣ್ಣ ಕೆರೆ ಇತ್ತು. ಪರೀಕ್ಷೆಯ ಕ್ರಮವನ್ನು ಅವಳೇ ಹೇಳಿದಳು. ಯಂತ್ರದಲ್ಲಿ ಮುಂದಿನ ಡೈವಿನ ಲೆಕ್ಕ ನೋಡುವ ಪುಟವೊಂದಿದೆ. ಗುಂಡಿ ಒತ್ತಿದ ಹಾಗೆ ಒಂದೊಂದು ಆಳಕ್ಕೆ ಎಷ್ಟು ನಿಮಿಷ ಎಂದು ಬರುತ್ತದೆ. ದಿಶಾಂತ್ ತನಗೆ ಬೇಕಾದಲ್ಲಿ ನಿಲ್ಲಿಸಿ, ನಿಮಿಷದ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಬೇಕು. ನೀರು ತಾಗಿದರೆ ಪುಟ ಬದಲಾಗುತ್ತದೆ ಎಂದು, ಯಂತ್ರವನ್ನು ಅವಳ ಚೀಲದಲ್ಲಿದ್ದ ಮಾತ್ರೆಯ ಜಿಪ್ ಕವರಿನಲ್ಲಿ ಹಾಕಿದರು. ಕುಕ್ಕಪ್ಪ ಅದನ್ನು ನೀರಿನೊಳಗೆ ಒಂದು ಕೈ ಅಳತೆಯ ದೂರದಲ್ಲಿ ಹಿಡಿಯಬೇಕು. ಅವಳು ತಲೆ ಒಳಗೆ ಹಾಕಿ ಓದಿ, ಮೇಲೆ ಬಂದು ಹೇಳಬೇಕು.

ಚೂಡಿದಾರದಲ್ಲೇ ಎದೆಮಟ್ಟದ ನೀರಿಗೆ ಇಳಿದಳು. ಮೊದಲ ಸಲ ಐವತ್ತಾರು ಎಂದಳು. ಸರಿ. ಎರಡನೆಯ ಸಲ ಹದಿನೇಳು. ಸರಿ. ಮೂರನೆಯದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಒಳಗಿದ್ದಳು. ಅಂಕಿಯ ಅಂಚುಗಳು ಒಂದರೊಳಗೊಂದು ಸೇರಿದ ಹಾಗೆ ಕಾಣುತ್ತಿದ್ದವು. ಕುಕ್ಕಪ್ಪನ ಕೈಯನ್ನು ದೂರ ತಳ್ಳಿ ನೋಡಿದಳು. ಮೇಲೆ ಬಂದು ಇಪ್ಪತ್ತೆಂಟು ಎಂದಳು.

ದಿಶಾಂತ್ ಕಾಗದ ನೋಡಿದ. ಇನ್ನೊಮ್ಮೆ ನೋಡಿದ.

“ಹೇಳಿ,” ಎಂದಳು.

“ಇಪ್ಪತ್ತಮೂರು ಅಕ್ಕ.”

ಅವಳು ಮೆಟ್ಟಿಲು ಹತ್ತಿ ಬಂದು, ಟವೆಲ್ ಹೆಗಲಿಗೆ ಹಾಕಿ, ಕನ್ನಡಕ ಇಟ್ಟುಕೊಂಡು ಯಂತ್ರವನ್ನು ನೋಡಿದಳು. ಇಪ್ಪತ್ತಮೂರೇ. ಎರಡೂ ಅಂಕಿ ದಪ್ಪಗೆ, ಕಪ್ಪಗೆ, ಎಲ್ಲಿಯೂ ಸವೆಯದೆ ಇದ್ದವು. ಎಂಟು ತಿಂಗಳಿನಿಂದ ಅವಳು ಆ ಬಾಡಿಗೆ ಯಂತ್ರವನ್ನು ದೂರುತ್ತಿದ್ದಳು.

ಕುಕ್ಕಪ್ಪ ನೀರಿನಿಂದ ಹತ್ತಿ ಬಂದು ಲುಂಗಿ ಹಿಂಡುತ್ತ, ಐದು ನಿಮಿಷ ಹೆಚ್ಚಾದರೆ ಏನಾಗುತ್ತದೆ ಎಂದು ದಿಶಾಂತನನ್ನು ಕೇಳಿದರು. ದಿಶಾಂತ್ ಹೇಳಿದ. ಕುಕ್ಕಪ್ಪ ಸೇವಂತಿಯ ಕಡೆಗೆ ನೋಡದೆ, ಹಾಗಾದರೆ ತಾನು ಬೇಡವೆಂದ ಆ ಶಬ್ದ ಸಮುದ್ರದವರಿಗೂ ಒಳ್ಳೆಯದಲ್ಲ ಎಂದರು.

ಭಾನುವಾರ ಮೂರು ಪ್ರಶ್ನೆಗಳಲ್ಲಿ ಮೂರೂ ಸರಿಯಾಗುವ ಸಾಧ್ಯತೆ ಇತ್ತು. ಐವತ್ತಾರು, ಹದಿನೇಳರಂಥ ಸಂಖ್ಯೆಗಳೇ ಬಂದರೆ ಸರಿಯಾಗುತ್ತಿತ್ತು. ಇದನ್ನು ಸೇವಂತಿ ಯೋಚಿಸಲಿಲ್ಲವೆಂದಲ್ಲ. ಒದ್ದೆ ಬಟ್ಟೆಯಲ್ಲೇ ಕಾರಿನ ಬಾಗಿಲು ತೆರೆದು ಕುಳಿತು ಒಂದಷ್ಟು ಹೊತ್ತು ಯೋಚಿಸಿದಳು. ಆಮೇಲೆ ಫರ್ಝಾನಾಳಿಗೆ ಫೋನ್ ಮಾಡಿದಳು.

ಬಾಡಿಗೆ ಯಂತ್ರ ಸರಿಯಾಗಿಯೇ ಇತ್ತು, ತನಗೆ ಮೂರೂ ಎಂಟೂ ಒಂದೇ ಹಾಗೆ ಕಾಣುತ್ತದೆ ಎಂದು ಹೇಳಿದಳು. ಫರ್ಝಾನಾ, ನನಗೆ ಮಾರ್ಚಿನಲ್ಲೇ ಅನಿಸಿತ್ತು ಎಂದಳು. ಯಾಕೆ ಹೇಳಲಿಲ್ಲ ಎಂದು ಸೇವಂತಿ ಕೇಳಿದಳು. “ಹೇಳಿದ್ದರೆ ನೀವು ನಂಬುತ್ತಿದ್ದಿರಾ ಮೇಡಂ?” ಎಂದಳು ಫರ್ಝಾನಾ. ಬಳಿಕ ಪರಿಹಾರ ಹೇಳಿದಳು. ಮಾಸ್ಕಿನ ಗಾಜಿನ ಕೆಳಭಾಗಕ್ಕೆ ಓದುವ ಕನ್ನಡಕದ ಗಾಜನ್ನು ಕತ್ತರಿಸಿ ಅಂಟಿಸಬಹುದು, ಕೆಲಸ ಬಲ್ಲ ಕನ್ನಡಕದವರು ಮಾಡಿಕೊಡುತ್ತಾರೆ. ಅದು ಆಗುವ ತನಕ ದೋಣಿ ಇಲ್ಲ.

ಸೇವಂತಿ ದಿಶಾಂತನಿಗೆ ಅವನು ಹೇಳಿದ ಬೆಲೆಯನ್ನೇ ಕೊಟ್ಟಳು. ಚರ್ಚೆ ಮಾಡುತ್ತಾಳೆ ಎಂದು ಕಾದಿದ್ದ ಅವನು ತನ್ನ ಅನುಮಾನವನ್ನು ಆಗ ಬಾಯಿಬಿಟ್ಟು ಹೇಳಿ, ಪಟ್ಟಿಯಿದ್ದ ಕಾಗದವನ್ನು ಇಟ್ಟುಕೊಳ್ಳಲೇ ಎಂದು ಕೇಳಿದ. ಅವಳು ಕೊಡಲಿಲ್ಲ. ಯಂತ್ರವನ್ನು ಉಪ್ಪುನೀರಿಗೆ ತಿರುಗಿಸಿದ್ದಾನೋ ಇಲ್ಲವೋ ಎಂದು ಹೊರಡುವ ಮೊದಲು ಇನ್ನೊಮ್ಮೆ ನೋಡಿಕೊಂಡಳು.

ಗುರುವಾರ ಬೆಳಿಗ್ಗೆ ಮಾಸ್ಕನ್ನು ಪುತ್ತೂರಿನ ಒಂದು ಕನ್ನಡಕದ ಅಂಗಡಿಗೆ ಕೊಟ್ಟಳು. ಅಂಗಡಿಯ ಮಹಾಲಿಂಗ ಇಂಥದ್ದನ್ನು ಹಿಂದೆ ಮಾಡಿರಲಿಲ್ಲ. ಸಮುದ್ರದ ನೀರಿಗೆ ಈ ಅಂಟು ನಿಲ್ಲುತ್ತದೆಯೇ ಎಂದು ಅವಳು ಕೇಳಿದ್ದಕ್ಕೆ, ಮೊದಲು ಎರಡು ದಿನ ಉಪ್ಪುನೀರಿನಲ್ಲಿ ತುಂಡು ಗಾಜು ಹಾಕಿ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದರು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಮುರುಡೇಶ್ವರದಿಂದ ದೋಣಿ ಸೇವಂತಿ ಇಲ್ಲದೆ ಹೊರಟಿತು. ಸೋಮವಾರ ಸಂಜೆ ಮಹಾಲಿಂಗ ಫೋನ್ ಮಾಡಿದರು. ಗಾಜು ಕೂತಿದೆ, ಅಂಟು ಗಟ್ಟಿಯಾಗಲು ಇನ್ನೂ ಎರಡು ದಿನ ಬೇಕು ಎಂದರು.